ಕಿಟಕಿಯ ಬುಡ ಕೊಳೆಯುತ್ತಿದೆ, ಕಿತ್ತು ಹಾಕಬೇಕಾ?

ಪ್ರಶ್ನೆ: ನಮ್ಮದು ಹೊಸನಗರ ತಾಲೂಕಿನ ಒಂದು ಹಳ್ಳಿಯಲ್ಲಿರುವ ಹಂಚಿನ ಮನೆ. ಅಜ್ಜನ ಕಾಲದ್ದು. ಜಂಬಿಟ್ಟಿಗೆ ಗೋಡೆ, ಸುಣ್ಣದ ಗಾರೆ, ಹಲಸಿನ ಮರದ ಕಿಟಕಿಗಳು, ಕಬ್ಬಿಣದ ಸರಳು. ಪಶ್ಚಿಮಕ್ಕಿರುವ ಮೂರು ಕಿಟಕಿಗಳ ಬುಡ ಹಾಳಾಗಿದೆ. ಬಣ್ಣ ಚಕ್ಕೆ ಚಕ್ಕೆಯಾಗಿ ಏಳುತ್ತಿದೆ, ಮರ ಅಲ್ಲಲ್ಲಿ ಕಪ್ಪಾಗಿದೆ. ಒಂದು ಕಿಟಕಿಯ ಮೂಲೆಯಲ್ಲಂತೂ ಬೆರಳಿಟ್ಟರೆ ಒಳಗೆ ಹೋಗುತ್ತದೆ. ಕಿಟಕಿಯಡಿಯ ಹೊರಗಿನ ಕಟ್ಟೆಗೆ ಎರಡು ಸಲ ಸಿಮೆಂಟ್ ಹಾಕಿಸಿದೆವು, ಎರಡೂ ಸಲ ಬಿರುಕು ಬಿಟ್ಟಿತು. ಪರಿಚಯದವರು "ಎಲ್ಲ ಕಿತ್ತು ಅಲ್ಯೂಮಿನಿಯಂ ಹಾಕಿಸಿ" ಅಂತಾರೆ. ನನಗೆ ಮನಸ್ಸಿಲ್ಲ. ಅಡಿಕೆ ಕೊಯ್ಲು ಮುಗಿದು ಈಗ ಸ್ವಲ್ಪ ಬಿಡುವಿದೆ. ನಾನೇ ಮಾಡಿಕೊಳ್ಳಬಹುದಾ? ಯಾವ ಯಾವ ಸಾಮಾನು ತರಬೇಕು?

ಉತ್ತರ: ಮಾಡಿಕೊಳ್ಳಬಹುದು. ಎರಡು ಕಿಟಕಿಗಳನ್ನು ನೀವೇ ಪೂರ್ತಿ ಸರಿಮಾಡಬಹುದು. ಬೆರಳು ಒಳಹೋಗುವ ಮೂರನೆಯದಕ್ಕೆ ಬಹುಶಃ ಆಚಾರ್ರ ಕೈ ಬೇಕಾಗುತ್ತದೆ. ಕಿತ್ತು ಹಾಕುವ ಮಾತು ಸದ್ಯಕ್ಕೆ ಬೇಡವೇ ಬೇಡ. ಅಜ್ಜನ ಕಾಲದಲ್ಲಿ ದಾರಂದಕ್ಕೆ, ಅಂದರೆ ಕಿಟಕಿಯ ಚೌಕಟ್ಟಿಗೆ, ಹಾಕುತ್ತಿದ್ದದ್ದು ಬಲಿತ ಮರದ ಕೆಚ್ಚು (ಒಳಗಿನ ಗಟ್ಟಿ ಭಾಗ). ಅಂಥ ಮರ ಇವತ್ತು ದುಡ್ಡು ಕೊಟ್ಟರೂ ಸುಲಭವಾಗಿ ಸಿಗುವುದಿಲ್ಲ. ಕೆಳಗಿನ ನಾಲ್ಕು ಇಂಚು ಕೊಳೆತಿದೆ ಅಂತ ಮೇಲಿನ ನಾಲ್ಕು ಅಡಿ ಎಸೆಯುವುದು ಅನ್ಯಾಯ.

ಸಾಮಾನಿನ ಪಟ್ಟಿ ಆಮೇಲೆ ಕೊಡುತ್ತೇನೆ. ಅದಕ್ಕೆ ಮೊದಲು ನೀರಿನ ದಾರಿ ಪತ್ತೆ ಮಾಡಬೇಕು. ಇದನ್ನು ಬಿಟ್ಟು ಉಳಿದದ್ದೆಲ್ಲ ಮಾಡಿದರೆ ಎರಡು ಮಳೆಗಾಲಕ್ಕೆ ಮತ್ತೆ ಅದೇ ಕಥೆ. ನಿಮ್ಮ ಸಿಮೆಂಟಿನದ್ದು ಆದದ್ದೂ ಅದೇ.

ಮರ ನೆನೆದರೆ ಕೆಡುವುದಿಲ್ಲ. ನೆನೆದು ಒಣಗದೆ ಉಳಿದರೆ ಕೆಡುತ್ತದೆ. ಮರ ಕೊಳೆಸುವ ಶಿಲೀಂಧ್ರಕ್ಕೆ ಬದುಕಲು ತೇವ ಬೇಕು. ಮರದ ತೇವಾಂಶ ಶೇ. 20ಕ್ಕಿಂತ ಕೆಳಗಿದ್ದರೆ ಅದು ಬೆಳೆಯಲಾರದು. ಶಿವಮೊಗ್ಗ ಪೇಟೆಯಲ್ಲಿ ವರ್ಷಕ್ಕೆ ಸಾವಿರ ಮಿಲಿಮೀಟರ್ ಆಸುಪಾಸು ಮಳೆ. ಘಟ್ಟದಂಚಿನ ಆಗುಂಬೆಯಲ್ಲಿ ಏಳು ಸಾವಿರಕ್ಕೂ ಜಾಸ್ತಿ. ನಿಮ್ಮ ತಾಲೂಕಿನ ಹುಲಿಕಲ್ ಕೂಡ ಕಡಿಮೆಯದ್ದಲ್ಲ. ಪೇಟೆಯ ಕಿಟಕಿ ಎರಡು ಮಳೆಯ ನಡುವೆ ಒಣಗಿಕೊಳ್ಳುತ್ತದೆ. ನಿಮ್ಮ ಕಡೆ ಜೂನ್‌ನಲ್ಲಿ ನೆನೆದದ್ದು ಸೆಪ್ಟೆಂಬರ್ ತನಕ ಒಣಗುವುದಿಲ್ಲ. ಮುಂಗಾರಿನ ಗಾಳಿ ಪಶ್ಚಿಮ, ನೈಋತ್ಯದಿಂದ ಬೀಸುವುದರಿಂದ ಇರಚಲು ನೇರವಾಗಿ ಆ ಮೂರು ಕಿಟಕಿಗಳಿಗೇ ಹೊಡೆಯುತ್ತದೆ. ಹಾಗಾಗಿ ಪೇಟೆಯಲ್ಲಿ ನಡೆಯುವ ರಿಪೇರಿ ನಿಮ್ಮಲ್ಲಿ ನಡೆಯಲ್ಲ.

ಈಗ ಮಳೆ ಇಲ್ಲ, ಪರವಾಗಿಲ್ಲ. ಒಂದು ತಂಬಿಗೆ ನೀರು ತಗೊಂಡು ಹೊರಗೆ ನಿಂತು ಸರಳುಗಳ ಮೇಲೆ ನಿಧಾನ ಹೊಯ್ಯಿರಿ. ನೀರು ಸರಳಿನ ಗುಂಟ ಇಳಿದು, ಸರಳು ಮರಕ್ಕೆ ಕೂರುವ ತೂತಿನಲ್ಲಿ ಮಾಯವಾಗುವುದು ಕಾಣುತ್ತದೆ. ಹಳೆ ಕಿಟಕಿಗಳ ದೊಡ್ಡ ರೋಗ ಇದೇ. ಆ ತೂತು ಒಂದು ಚಿಕ್ಕ ಬಾವಿ. ನೀರು ಒಳಗೆ ಹೋಗುತ್ತದೆ, ಹೊರಗೆ ಬರಲು ದಾರಿ ಇಲ್ಲ. ಸರಳು ಅಲ್ಲೇ ತುಕ್ಕು ಹಿಡಿಯುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ತಿನ್ನುವುದರಿಂದ ಉಬ್ಬಿ ಮರವನ್ನು ಸೀಳುತ್ತದೆ. ಆ ಸೀಳಿಗೆ ಇನ್ನಷ್ಟು ನೀರು.

ಈಗ ಇನ್ನೊಂದು ತಂಬಿಗೆಯನ್ನು ಕಟ್ಟೆಯ ಮೇಲೆ ಹೊಯ್ಯಿರಿ. ನೀರು ಅಂಗಳದ ಕಡೆ ಹರಿದರೆ ಸರಿ. ಮರದ ಕಡೆ ಹರಿದರೆ, ಅಥವಾ ಸಿಮೆಂಟಿನ ಬಿರುಕಲ್ಲಿ ಇಂಗಿದರೆ, ಎರಡನೇ ಕಾರಣ ಸಿಕ್ಕಿತು. ಜಂಬಿಟ್ಟಿಗೆ ಮತ್ತು ಸುಣ್ಣದ ಗಾರೆ ನೀರು ಕುಡಿಯುತ್ತವೆ, ಬಿಸಿಲು ಬಂದಾಗ ಬಿಟ್ಟುಕೊಡುತ್ತವೆ. ಸಿಮೆಂಟ್ ಗಡಸು. ಅದು ಗೋಡೆಯ ಜೊತೆ ಹಿಗ್ಗಿ ಕುಗ್ಗುವುದಿಲ್ಲ, ಕೂದಲೆಳೆ ಬಿರುಕು ಬಿಡುತ್ತದೆ. ಬಿರುಕಿನಿಂದ ನೀರು ಒಳಗೆ ಹೋಗುತ್ತದೆ, ಮೇಲಿನ ಗಟ್ಟಿ ಪದರ ಅದನ್ನು ಆರಲು ಬಿಡುವುದಿಲ್ಲ. ಪಕ್ಕದ ಮರ ಆ ತೇವವನ್ನು ಹೀರಿಕೊಳ್ಳುತ್ತದೆ. ನಿಮ್ಮ ಗಾರೆಯವರ ಕೈಕೆಲಸದಲ್ಲಿ ದೋಷ ಇರಲಿಕ್ಕಿಲ್ಲ. ಆ ಗೋಡೆಗೆ ಆ ಸಾಮಾನೇ ಹೊಂದುವುದಿಲ್ಲ.

ಆಮೇಲೆ ಮರದ ಪರೀಕ್ಷೆ. ಅಡಿಕೆ ಚೀಲ ಹೊಲಿಯುವ ದಬ್ಬಳ ಮನೆಯಲ್ಲಿ ಇದ್ದೇ ಇರುತ್ತದೆ, ಅಲ್ವಾ? ಅದನ್ನು ಎರಡು ಇಂಚಿಗೊಂದು ಸಲ ಒತ್ತಿ ನೋಡುತ್ತಾ ಹೋಗಿ. ಮೂಲೆಗಳು, ಸರಳಿನ ತೂತಿನ ಸುತ್ತ, ದಾರಂದದ ಕೆಳಗಿನ ಅಡ್ಡಮರ ಗೋಡೆಯೊಳಗೆ ಹೋಗುವ ತುದಿ, ಈ ಮೂರು ಕಡೆ ಬಿಡಬೇಡಿ. ತುದಿ ಒಂದೆರಡು ಮಿಲಿಮೀಟರ್ ಇಳಿದು ನಿಂತರೆ ಮರ ಗಟ್ಟಿ, ಮೇಲಿನ ಕೊಳೆ ತೆಗೆದರೆ ಸಾಕು. ಅರ್ಧ ಇಂಚು ಇಳಿದರೆ ಅಷ್ಟು ಕೆತ್ತಿ ತುಂಬಬೇಕು. ಅದಕ್ಕಿಂತ ಆಳಕ್ಕೆ ಸಲೀಸಾಗಿ ಹೋದರೆ ಹೊಸ ತುಂಡು ಕೂರಿಸಬೇಕು. ಪ್ರತಿ ಜಾಗದಲ್ಲೂ ಸೀಮೆಸುಣ್ಣದಿಂದ ಗುರುತು ಹಾಕಿ. ಸಣ್ಣ ಗುಂಡು ತೂತು, ಕೆಳಗೆ ಹಿಟ್ಟಿನಂಥ ಪುಡಿ ಕಂಡರೆ ಕುಟ್ಟೆ ಹುಳ. ಮಣ್ಣಿನ ಗೆರೆ ಕಂಡರೆ ಗೆದ್ದಲು. ಗೆದ್ದಲು ಇದ್ದರೆ ಅದು ಎಲ್ಲಿಂದ ಹತ್ತುತ್ತಿದೆ ಎಂದು ನೋಡದೆ ಮರಗೆಲಸಕ್ಕೆ ಕೈ ಹಾಕಬೇಡಿ.

ಈಗ ಸಾಮಾನು. ಜಾಸ್ತಿ ಏನೂ ಬೇಡ. ಅರ್ಧ ಇಂಚಿನದ್ದೊಂದು, ಒಂದು ಇಂಚಿನದ್ದೊಂದು ಉಳಿ. ಒಂದು ಕೊಡತಿ. ಬಣ್ಣ ಕೆರೆಯಲು ಹಿಡಿಕೆ ಇರುವ, ಬ್ಲೇಡ್ ಬದಲಿಸುವಂಥ ಸ್ಕ್ರೇಪರ್. ಒಂದು ಪುಟ್ಟಿ ಬ್ಲೇಡ್. ಸರಳಿಗೆ ಕೈಯಲ್ಲಿ ಉಜ್ಜುವ ತಂತಿ ಬ್ರಷ್. 80 ಮತ್ತು 120 ನಂಬರಿನ ನೀರು ತಾಳುವ ಉಜ್ಜು ಕಾಗದ. ಕಟ್ಟೆಗೆ ಕರಣೆ ಮತ್ತು ಚಿಕ್ಕ ರಸಮಟ್ಟ. ಇವುಗಳ ಜೊತೆ ಒಂದು ಒಳ್ಳೆ ಸಾಣೆಕಲ್ಲು. ಇದನ್ನು ಮರೆಯಬೇಡಿ. ಮೊಂಡು ಉಳಿ ಕೊಳೆತ ಮರವನ್ನು ಕತ್ತರಿಸುವುದಿಲ್ಲ, ಹಿಂಜುತ್ತದೆ. ಎಷ್ಟು ತೆಗೆಯಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಗೊತ್ತೇ ಆಗುವುದಿಲ್ಲ. ದುಡ್ಡಿದ್ದರೆ ಎರಡು ಮುಳ್ಳಿನ ತೇವಮಾಪಕ ಒಂದು ತಗೊಳ್ಳಿ, ಈ ಕೆಲಸದಲ್ಲಿ ತುಂಬ ಉಪಯೋಗ. ಗ್ರೈಂಡರ್‌ಗೆ ತಂತಿ ಚಕ್ರ ಹಾಕಿ ಮರದ ಮೇಲೆ ಓಡಿಸುವುದು ಬೇಡ, ಎಳೆ ಕಿತ್ತು ಬರುತ್ತದೆ. ಪ್ರೆಷರ್ ವಾಷರ್ ಅಂತೂ ಮುಟ್ಟಲೇಬೇಡಿ. ವರ್ಷವಿಡೀ ತೇವದ ಜೊತೆ ಹೋರಾಡುವ ಮರಕ್ಕೆ ಒತ್ತಡದಿಂದ ನೀರು ನುಗ್ಗಿಸಿದ ಹಾಗೆ ಆಗುತ್ತದೆ.

ಬಣ್ಣ ಕೆರೆಯುವ ಮೊದಲು ಒಂದು ಎಚ್ಚರಿಕೆ, ಇದನ್ನು ದಯವಿಟ್ಟು ಹಗುರಾಗಿ ತಗೋಬೇಡಿ. ಹಳೆಯ ಎನಾಮೆಲ್ ಬಣ್ಣಗಳಲ್ಲಿ ಸೀಸ ಇರುವ ಸಾಧ್ಯತೆ ಜಾಸ್ತಿ. ನಮ್ಮ ದೇಶದಲ್ಲಿ ಮನೆಬಣ್ಣದ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ಮಿತಿ ಹಾಕಿದ್ದು 2016ರ ನಿಯಮ, ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣವನ್ನು ಸೀಸ ಇದೆ ಎಂದುಕೊಂಡೇ ಮುಟ್ಟಬೇಕು. ಒಣ ಮರವನ್ನು ಉಜ್ಜಿ ದೂಳೆಬ್ಬಿಸಬೇಡಿ. ನೀರು ಚಿಮುಕಿಸಿ, ಒದ್ದೆ ಮಾಡಿಕೊಂಡು ಕೆರೆಯಿರಿ. ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಚಕ್ಕೆಗಳನ್ನೆಲ್ಲ ಅದರಲ್ಲೇ ಮಡಚಿ ತೆಗೆಯಿರಿ. ಅಂಗಳಕ್ಕೆ, ತೋಟಕ್ಕೆ ಗುಡಿಸಬೇಡಿ, ಒಲೆಗೆ ಹಾಕಬೇಡಿ. ಎನ್95 ಮಾಸ್ಕ್ ಇರಲಿ. ಮಕ್ಕಳು, ಬಸುರಿಯರು ಆ ಕಡೆ ಬರದಂತೆ ನೋಡಿಕೊಳ್ಳಿ. ಬಿಸಿ ಗಾಳಿಯ ಹೀಟ್ ಗನ್ ಬೇಗ ಬಣ್ಣ ಬಿಡಿಸುತ್ತದೆ ನಿಜ, ಆದರೆ ಸೀಸದ ಹೊಗೆಯ ಅಪಾಯವಿದೆ, ಒಣಗಿದ ಹಳೆ ಮರಕ್ಕೆ ಬೆಂಕಿಯ ಅಪಾಯವೂ ಇದೆ. ಅಟ್ಟದಲ್ಲಿ ಹುಲ್ಲು, ಸೋಗೆ ಇಡುವ ಮನೆಯಲ್ಲಿ ಅದನ್ನು ನಾನು ಹೇಳಲಾರೆ.

ಗಟ್ಟಿಯಾಗಿ ಹಿಡಿದುಕೊಂಡಿರುವ ಬಣ್ಣವನ್ನು ಬಿಟ್ಟುಬಿಡಿ. ಎದ್ದು ನಿಂತದ್ದನ್ನು ಮಾತ್ರ ತೆಗೆದರೆ ಸಾಕು.

ಹಸಿರು ಪಾಚಿ, ಬೂಸ್ಟು, ಹೊಗೆಯ ಜಿಡ್ಡು ಇದಕ್ಕೆಲ್ಲ ಅಂಟುವಾಳದ ನೀರು ಮತ್ತು ತೆಂಗಿನ ನಾರಿನ ಮೆತ್ತನೆ ಬ್ರಷ್ ಸಾಕು. ಬಟ್ಟೆಯಿಂದ ಒರೆಸಿ ತಕ್ಷಣ ಒಣಗಿಸಿ. ಕಪ್ಪು ಕಲೆಗಳದ್ದು ಬೇರೆ ವಿಷಯ. ಸರಳಿನ ಸುತ್ತ, ಮೊಳೆಯ ಸುತ್ತ ಇರುವ ಕಪ್ಪು ಬಹಳ ಸಲ ಕೊಳೆತ ಅಲ್ಲ. ಮರದ ಒಗರು ಮತ್ತು ಕಬ್ಬಿಣ ನೀರಿನಲ್ಲಿ ಸೇರಿದಾಗ ಬರುವ ಬಣ್ಣ ಅದು. ಹಿಂದೆ ಅಳಲೆಕಾಯಿಯ ರಸಕ್ಕೆ ಕಬ್ಬಿಣ ಸೇರಿಸಿ ಬರೆಯುವ ಮಸಿ ಮಾಡುತ್ತಿದ್ದದ್ದೂ ಇದೇ ಗುಣದಿಂದ. ದಬ್ಬಳಕ್ಕೆ ಗಟ್ಟಿ ಸಿಕ್ಕಿದರೆ ಆ ಕಪ್ಪು ಸುಮ್ನೆ ಕಲೆ ಅಷ್ಟೆ. ಬಣ್ಣ ಹೊಡೆಯುವುದಾದರೆ ಅದನ್ನು ತೆಗೆಯುವ ಅಗತ್ಯವೇ ಇಲ್ಲ. ಮರದ ಬಣ್ಣ ಹಾಗೇ ಕಾಣಬೇಕು ಅಂದರೆ ಒಂದು ಲೀಟರ್ ಬಿಸಿನೀರಿಗೆ 50 ಗ್ರಾಂ ಆಕ್ಸಾಲಿಕ್ ಆಸಿಡ್ ಕರಗಿಸಿ ಬ್ರಷ್‌ನಲ್ಲಿ ಹಚ್ಚಿ, ಕಲೆ ತಿಳಿಯಾದ ಮೇಲೆ ಎರಡು ಮೂರು ಸಲ ಶುದ್ಧ ನೀರಿನಲ್ಲಿ ಒರೆಸಿ ತೆಗೆಯಿರಿ. ಅದು ವಿಷ. ಕೈಗವಸು, ಕನ್ನಡಕ ಹಾಕಿಕೊಳ್ಳಿ. ಅಡುಗೆಮನೆಯ ಪಾತ್ರೆ ಬಳಸಬೇಡಿ.

ಕೊಳೆತ ಭಾಗವನ್ನು ಉಳಿಯಿಂದ ತೆಗೆಯುತ್ತಾ ಹೋಗಿ. ಪುಡಿ ನಿಂತು ಉದ್ದನೆ ಹೊಟ್ಟು ಬರಲು ಶುರುವಾದರೆ ಗಟ್ಟಿ ಮರ ಸಿಕ್ಕಿತು ಎಂದರ್ಥ. ಅಲ್ಲಿಂದಾಚೆಗೆ ಇನ್ನು ಕಾಲು ಇಂಚು ತೆಗೆದು ನಿಲ್ಲಿಸಿ. ಆಮೇಲೆ ಒಣಗಲು ಬಿಡಿ. ಎಲ್ಲರೂ ಅವಸರ ಮಾಡುವುದು ಇಲ್ಲೇ. ಫೆಬ್ರವರಿ, ಮಾರ್ಚ್‌ನ ಬಿಸಿಲಿನಲ್ಲೂ ದಪ್ಪ ಅಡ್ಡಮರದ ಒಳಗಿನ ತೇವ ಆರಲು ಎರಡು ಮೂರು ವಾರ ಹಿಡಿಯುತ್ತದೆ. ಮಾಪಕದಲ್ಲಿ ಶೇ. 18ಕ್ಕಿಂತ ಕೆಳಗೆ ಬರಲಿ. ಮಾಪಕ ಇಲ್ಲವೇ? ಅಂಗೈಯಗಲ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಚ್ಚಿ ರಾತ್ರಿಯಿಡೀ ಮರಕ್ಕೆ ಅಂಟಿಸಿ. ಬೆಳಿಗ್ಗೆ ಅದರ ಒಳಮೈಯಲ್ಲಿ ಹನಿ ಕಂಡರೆ ಮರ ಇನ್ನೂ ಹಸಿ.

ಮರ ಒಣಗಿದ ಮೇಲೆ ಬೋರಿಕ್ ಆಸಿಡ್ ಒಂದು ಪಾಲು, ಬಿಳಿಗಾರ (ಬೋರಾಕ್ಸ್) ಒಂದೂವರೆ ಪಾಲು ಬೆರೆಸಿ, ಲೀಟರ್ ಬಿಸಿನೀರಿಗೆ ಎರಡೂ ಸೇರಿ 50–60 ಗ್ರಾಂ ಕರಗಿಸಿ ಎರಡು ಮೂರು ಸಲ ಹಚ್ಚಿ. ಶಿಲೀಂಧ್ರಕ್ಕೂ ಕುಟ್ಟೆಗೂ ಇದು ಮದ್ದು. ಮಳೆ ನೀರಿಗೆ ತೊಳೆದುಹೋಗುತ್ತದೆ, ಹಾಗಾಗಿ ಒಣಗಿದ ಮೇಲೆ ಬಣ್ಣ ಹಚ್ಚಲೇಬೇಕು.

ಸಣ್ಣ ಕುಳಿಗಳಿಗೆ ಎರಡು ಭಾಗ ಬೆರೆಸುವ, ಮರಕ್ಕೆಂದೇ ಮಾಡಿದ ಎಪಾಕ್ಸಿ ಪುಟ್ಟಿ ಒಳ್ಳೆಯದು. ಒಂದು ಸಲಕ್ಕೆ ಸ್ವಲ್ಪವೇ ಕಲಸಿ, ಬಿಸಿಲಲ್ಲಿ ಬೇಗ ಗಟ್ಟಿಯಾಗುತ್ತದೆ. ಮರದ ಪುಡಿಗೆ ಬಿಳಿ ಅಂಟು ಕಲಸಿ ತುಂಬುವುದು ಮನೆಯೊಳಗಿನ ಕಪಾಟಿಗೆ ಸರಿ. ಹೊರಗಡೆ ಸಾದಾ ಬಿಳಿ ಅಂಟು ಒಂದು ಮಳೆಗಾಲ ತಾಳುವುದಿಲ್ಲ. ಕುಳಿ ಬೆಂಕಿಪೊಟ್ಟಣಕ್ಕಿಂತ ದೊಡ್ಡದಾದರೆ ಎಪಾಕ್ಸಿಯನ್ನೂ ನಂಬಬೇಡಿ. ಮರ ಮಳೆಗಾಲದಲ್ಲಿ ಹಿಗ್ಗಿ ಬೇಸಗೆಯಲ್ಲಿ ಕುಗ್ಗುತ್ತದೆ, ಎಪಾಕ್ಸಿ ಅಲುಗುವುದಿಲ್ಲ. ಅಂಚಿನಲ್ಲಿ ಸಂದು ಬಿಟ್ಟು ಮತ್ತೆ ನೀರು ಕುಡಿಯಲು ಶುರು.

ದೊಡ್ಡ ಕುಳಿಗೆ ಮರವೇ ಬೇಕು. ಹಲಸಿಗೆ ಹಲಸಿನ ಕೆಚ್ಚನ್ನೇ ಹುಡುಕಿ. ಹಸಿ ಮರ ಬೇಡ, ಹೊರಗಿನ ಬಿಳಿ ಭಾಗ ಬೇಡ. ಊರಲ್ಲಿ ಯಾರದ್ದಾದರೂ ಹಳೆ ಮನೆ ಬಿಚ್ಚಿದ ತುಂಡು ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ, ಆಗಲೇ ಪಳಗಿರುತ್ತದೆ. ಕುಳಿಯ ಅಂಚನ್ನು ಚೌಕವಾಗಿ ಕತ್ತರಿಸಬೇಡಿ. ನೀರು ಹೊರಕ್ಕೆ ಜಾರುವಂತೆ ಓರೆಯಾಗಿ ಕತ್ತರಿಸಿ. ಹೊಸ ತುಂಡಿನ ಎಳೆ ಹಳೆ ಮರದ ಎಳೆಯ ದಿಕ್ಕಿಗೇ ಇರಲಿ. ನೀರು ತಾಳುವ ಅಂಟು ಹಚ್ಚಿ, ಕಬ್ಬಿಣದ ಮೊಳೆಯ ಬದಲು ಒಣ ಬಿದಿರಿನ ಗೂಟ ಹೊಡೆಯಿರಿ. ಬಿದಿರಿಗೆ ತುಕ್ಕಿಲ್ಲ, ಮರದ ಜೊತೆಗೇ ಹಿಗ್ಗುತ್ತದೆ. ತುಂಡನ್ನು ಒಂದೆರಡು ಮಿಲಿಮೀಟರ್ ಎತ್ತರ ಬಿಟ್ಟು ಕೂರಿಸಿ, ಅಂಟು ಗಟ್ಟಿಯಾದ ಮೇಲೆ ಕೀಸುಳಿಯಿಂದ ಸಮ ಮಾಡಿ.

ಇನ್ನು ಸರಳಿನ ತೂತು. ತಂತಿ ಬ್ರಷ್‌ನಿಂದ ಸರಳಿನ ಬುಡದ ತುಕ್ಕು ಬಿಡಿಸಿ, ರೆಡ್ ಆಕ್ಸೈಡ್ ಪ್ರೈಮರ್ ಎರಡು ಕೈ ಹಚ್ಚಿ. ತೂತಿನೊಳಗಿನ ಮಣ್ಣು, ತುಕ್ಕಿನ ಪುಡಿ ಎಲ್ಲ ಕೆರೆದು ತೆಗೆಯಿರಿ. ಆಮೇಲೆ ಅಡ್ಡಮರದ ಹೊರಮುಖದಿಂದ ತೂತಿನ ತಳಕ್ಕೆ ತಾಗುವಂತೆ ಆರು ಮಿಲಿಮೀಟರಿನ ಡ್ರಿಲ್ ಬಿಟ್‌ನಲ್ಲಿ ಒಂದು ಓರೆ ತೂತು ಕೊರೆಯಿರಿ. ಹೊರಬಾಯಿ ಕೆಳಗಿರಲಿ. ಒಳಹೋದ ನೀರಿಗೆ ಇದೇ ದಾರಿ. ಕೊರೆದ ತೂತಿನೊಳಕ್ಕೂ ತೆಳು ಬ್ರಷ್‌ನಲ್ಲಿ ಪ್ರೈಮರ್ ಹಚ್ಚಿ. ಸರಳಿನ ಸುತ್ತ ಮೇಲ್ಭಾಗದಲ್ಲಿ, ಗಾಜು ಕೂರಿಸಲು ಬಳಸುವ ಎಣ್ಣೆ ಪುಟ್ಟಿಯನ್ನು ಇಳಿಜಾರಾಗಿ ಒತ್ತಿ. ಅದು ವರ್ಷಗಟ್ಟಲೆ ಸ್ವಲ್ಪ ಮೆತ್ತಗೇ ಇರುತ್ತದೆ, ಬಿರುಕು ಬಿಟ್ಟರೆ ಕಿತ್ತು ಹೊಸದು ಒತ್ತುವುದೂ ಸುಲಭ. ಇಷ್ಟೊಂದು ಗಮನ ಯಾಕೆ ಎಂದರೆ, ಪಶ್ಚಿಮದ ಕಿಟಕಿಯ ಆಯುಸ್ಸು ಹೆಚ್ಚುಕಡಿಮೆ ಈ ತೂತುಗಳ ಮೇಲೇ ನಿಂತಿದೆ.

ಕಟ್ಟೆಯ ಸಿಮೆಂಟನ್ನು ಚಿಕ್ಕ ಚಾಣ, ಹಗುರ ಸುತ್ತಿಗೆಯಿಂದ ಅಂಚಿನಿಂದ ಬಿಡಿಸುತ್ತಾ ಬನ್ನಿ. ಜಂಬಿಟ್ಟಿಗೆ ಮೆತ್ತನೆ ಕಲ್ಲು, ಜೋರಾಗಿ ಹೊಡೆದರೆ ಅದೂ ಚಕ್ಕೆ ಏಳುತ್ತದೆ. ಸುಣ್ಣ ಒಂದು ಪಾಲು, ಮರಳು ಮೂರು ಪಾಲು. ನಿಮ್ಮ ಮಳೆಗೆ ಬರೀ ಸುಣ್ಣ ಸಾಲದು, ಮರಳಿನಲ್ಲಿ ಒಂದು ಪಾಲು ಕಡಿಮೆ ಮಾಡಿ ಆ ಜಾಗಕ್ಕೆ ನುಣ್ಣಗೆ ಜರಡಿ ಹಿಡಿದ ಇಟ್ಟಿಗೆ ಪುಡಿ, ಅಂದರೆ ಸುರ್ಕಿ ಹಾಕಿ. ಹದವಾಗಿ ಸುಟ್ಟ ಇಟ್ಟಿಗೆಯ ಪುಡಿ ಸುಣ್ಣದ ಜೊತೆ ಸೇರಿ ತೇವದಲ್ಲೂ ಗಟ್ಟಿಯಾಗುತ್ತದೆ. ಕರಾವಳಿಯ ಚಿಪ್ಪುಸುಣ್ಣ ಸಿಕ್ಕರೆ ಬಹಳ ಒಳ್ಳೆಯದು. ನೀರಲ್ಲಿ ನೆನೆಹಾಕಿದ ಸುಣ್ಣವನ್ನು ಕೆಲವು ವಾರ ಬಿಟ್ಟು ಬಳಸಿ. ಸುಣ್ಣ ಕಣ್ಣಿಗೆ ಬಿದ್ದರೆ ದೊಡ್ಡ ಅಪಾಯ, ಕನ್ನಡಕ ಇಲ್ಲದೆ ಕಲಸಬೇಡಿ. ಹಳೆ ಮೈಯನ್ನು ಚೆನ್ನಾಗಿ ತೋಯಿಸಿ, ಅರ್ಧ ಇಂಚು ದಪ್ಪಕ್ಕೆ ಒಂದು ಪದರದಂತೆ ಹಾಕಿ. ಒಂದು ವಾರವಾದರೂ ಒದ್ದೆ ಗೋಣಿ ಹೊದಿಸಿಡಿ.

ಇಳಿಜಾರು ಎಷ್ಟಿರಬೇಕು? ಹತ್ತು ಇಂಚು ಅಗಲಕ್ಕೆ ಒಂದು ಇಂಚು ಇಳಿಯಲಿ. ರಸಮಟ್ಟ ಇಟ್ಟು ನೋಡಿ, ಕಣ್ಣಂದಾಜು ಬೇಡ. ಮರಕ್ಕೆ ತಾಗುವ ಕಡೆ ಗಾರೆ ಮರದ ಮೇಲೇರದೆ ಸ್ವಲ್ಪ ಕೆಳಗೇ ನಿಲ್ಲಲಿ. ಕಟ್ಟೆ ಗೋಡೆಯಿಂದ ಎರಡು ಇಂಚಾದರೂ ಮುಂದೆ ಚಾಚಿರಲಿ, ಚಾಚಿದ ಭಾಗದ ಕೆಳಮೈಯಲ್ಲಿ ಉದ್ದಕ್ಕೂ ಹತ್ತು ಮಿಲಿಮೀಟರಿನ ಒಂದು ಗೆರೆ ಕಡಿಯಿರಿ. ಗಾರೆ ಹಸಿ ಇರುವಾಗಲೇ ಒಂದು ಕಬ್ಬಿಣದ ಸರಳು ಒತ್ತಿದರೂ ಆದೀತು. ಕೆಳಮೈ ಹಿಡಿದು ಗೋಡೆಯತ್ತ ಹೋಗುವ ನೀರು ಆ ಗೆರೆ ದಾಟಲಾರದೆ ಹನಿಯಾಗಿ ಅಂಗಳಕ್ಕೆ ಬೀಳುತ್ತದೆ.

ಬಣ್ಣದ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟ. ಹೊರಮುಖಕ್ಕೆ ಎಣ್ಣೆ ಪ್ರೈಮರ್ ಒಂದು ಕೈ, ಅದರ ಮೇಲೆ ತೆಳುವಾಗಿ ಎನಾಮೆಲ್ ಎರಡು ಕೈ. ಒಳಮುಖಕ್ಕೆ ಬಣ್ಣ ಬೇಡ, ಅಗಸೆ ಎಣ್ಣೆ ಸಾಕು. ಎರಡೂ ಕಡೆ ದಪ್ಪ ಬಣ್ಣ ಬಳಿದರೆ ಒಳಸೇರಿದ ತೇವ ಹೊರಗೆ ಬರುವುದು ಹೇಗೆ? ಪೇಂಟ್ ಅಂಗಡಿಯಲ್ಲಿ ಬಾಯ್ಲ್ಡ್ ಲಿನ್ಸೀಡ್ ಆಯಿಲ್ ಎಂದು ಕೇಳಿ. ಮೊದಲ ಕೈಗೆ ಅರ್ಧದಷ್ಟು ಟರ್ಪೆಂಟೈನ್ ಬೆರೆಸಿ ಹಚ್ಚಿ, ಕಾಲು ಗಂಟೆ ಬಿಟ್ಟು ಮೇಲೆ ಉಳಿದದ್ದನ್ನೆಲ್ಲ ಒರೆಸಿ ತೆಗೆಯಿರಿ. ಉಳಿದರೆ ಅಂಟುತ್ತದೆ, ಮಳೆಗಾಲದಲ್ಲಿ ಬೂಸ್ಟು ಕೂರುತ್ತದೆ. ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ. ಈ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಉಂಡೆ ಮಾಡಿದ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ನೀರಲ್ಲಿ ಅದ್ದಿ, ಅಂಗಳದಲ್ಲಿ ಬಿಡಿಸಿ ಹರವಿ. ಗೋಡೆಗೆ ತಾಗಿ ಮರೆಯಾಗುವ ಮುಖಗಳಿಗೆ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಹಚ್ಚುವ ಹಳೆ ಪದ್ಧತಿ ಈಗಲೂ ಒಳ್ಳೆಯದೇ, ಆದರೆ ಮೈಗೆ ತಾಗಿದರೆ ಬೊಕ್ಕೆ ಏಳುತ್ತದೆ.

ಮೂರನೆಯ ಕಿಟಕಿಗೆ ಬರೋಣ. ಅಡ್ಡಮರದ ದಪ್ಪದಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ಕೊಳೆತಿದ್ದರೆ, ಅಥವಾ ದಾರಂದದ ಪಕ್ಕದಲ್ಲಿ ನೇರ ನಿಂತ ಮರದ ಬುಡಕ್ಕೂ ಕೊಳೆತ ಹತ್ತಿದ್ದರೆ, ಆಚಾರ್ರನ್ನು ಕರೆಯಿರಿ. ಮೇಲಿನ ಗೋಡೆಗೆ ಆಸರೆ ಕೊಡದೆ ಅದನ್ನು ಬಿಚ್ಚುವಂತಿಲ್ಲ. ಅವರು ಬಂದಾಗ "ಇಡೀ ದಾರಂದ ಬೇಡ, ಕೆಳಗಿನ ಅಡ್ಡಮರ ಮಾತ್ರ ಬದಲಿಸಿ, ನಿಂತ ಮರದ ಬುಡ ಕೊಳೆತಿದ್ದರೆ ಅಷ್ಟಕ್ಕೆ ಹೊಸ ತುಂಡು ಬೆಸೆದು ಕೊಡಿ" ಎಂದು ಸ್ಪಷ್ಟವಾಗಿ ಕೇಳಿ. ಹೊಸ ಅಡ್ಡಮರದ ಮೇಲ್ಮೈಯನ್ನೇ ಹೊರಕ್ಕೆ ಇಳಿಜಾರಾಗಿ ಕೀಸಲು ಹೇಳಿ. ಗೋಡೆಯೊಳಗೆ ಹೋಗುವ ತುದಿಗಳಿಗೆ, ಕೂರಿಸುವ ಮೊದಲೇ, ನೀವೇ ನಿಂತು ಪ್ರೈಮರ್ ಹಚ್ಚಿಸಿ. ಕೂರಿಸಿದ ಮೇಲೆ ಅಲ್ಲಿಗೆ ಬ್ರಷ್ ಹೋಗುವುದಿಲ್ಲ.

ಕೆಲಸವೆಲ್ಲ ಏಪ್ರಿಲ್ ಮುಗಿಯುವುದರೊಳಗೆ ಆಗಲಿ. ಮೇ ತಿಂಗಳ ಗುಡುಗು ಮಳೆಗೆ ಹಸಿ ಗಾರೆ, ಹಸಿ ಬಣ್ಣ ಸಿಗಬಾರದು. ಜೂನ್‌ಗೆ ಮೊದಲು ಪಶ್ಚಿಮಕ್ಕೆ ಅಡಿಕೆ ಸೋಗೆಯ ತಟ್ಟಿ ಕಟ್ಟುವ ರೂಢಿ ನಿಮ್ಮಲ್ಲಿ ಇನ್ನೂ ಇದ್ದರೆ ಬಿಡಬೇಡಿ. ತಟ್ಟಿಗೂ ಕಿಟಕಿಗೂ ನಡುವೆ ಒಂದು ಗೇಣು ಜಾಗ ಬಿಟ್ಟು ಕಟ್ಟಿ, ಗಾಳಿ ಆಡಲಿ. ಸೋಗೆಯ ಬದಲು ಟಾರ್ಪಾಲ್ ಕಟ್ಟುವುದಾದರೆ ಗೋಡೆಗೆ ಬಿಗಿದು ಹೊಡೆಯಬೇಡಿ, ಒಳಗೆ ಬೆವರಿ ಮರ ಮತ್ತೆ ನೆನೆಯುತ್ತದೆ. ಕೆಳಗಿನ ಅಂಚು ಸಡಿಲವಿರಲಿ, ಮಳೆ ಹೊಳವಾದ ದಿನ ಮೇಲಕ್ಕೆ ಸುತ್ತಿ ಕಟ್ಟಿ.